ಭಟ್ಟರ ಅಂಗುಳು ಟಕ್ ಅಂದಾಗ

ಲ್ಯಾಬಿಗೆ ಹೊಸದಾಗಿ ಸೇರುವ ಮಕ್ಕಳೇ, ಸೂಕ್ಷ್ಮಜೀವಿ ಎಂದರೆ ಒಂಟಿ ಪ್ರಾಣಿ ಅಂತ ನಿಮಗೆ ಕಲಿಸಿರುತ್ತಾರೆ. ಗಾಜಿನ ತಟ್ಟೆಯಲ್ಲಿ ಒಂದು ಚುಕ್ಕೆ, ಆ ಚುಕ್ಕೆಗೆ ಒಂದು ಹೆಸರು, ಆ ಹೆಸರಿಗೆ ಒಂದು ಮದ್ದು. ನಾನೂ ಹಾಗೇ ಕಲಿತವಳು. ಮುಂಬಯಿಯ ಮಲಾಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿ, ತಲೆ ಬೆಳ್ಳಗಾಗುವವರೆಗೆ ಅದೇ ಸ್ಟೂಲಿನ ಮೇಲೆ ಕೂತು, ಮೊನ್ನೆ ಮೊನ್ನೆ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಒಂಟಿ ಸೂಕ್ಷ್ಮಜೀವಿಯನ್ನು ನಾನು ಕಂಡದ್ದು ಆ ಗಾಜಿನ ತಟ್ಟೆಯಲ್ಲಿ ಮಾತ್ರ. ಹೊರಗೆ ಅವೆಲ್ಲ ಸಂಸಾರಸ್ಥರು. ಮನೆ ಮಠ ಕಟ್ಟಿಕೊಂಡು, ಬಾಗಿಲು ಹಾಕಿಕೊಂಡು ಕೂರುವವರು.

ಈ ವಿಷಯದಲ್ಲಿ ನನ್ನ ಮೊದಲ ಗುರು ಅಜ್ಜಿ. ಗ್ರಾಂಟ್ ರೋಡಿನ ಚಾಳಿನಲ್ಲಿ ನಮ್ಮ ಮನೆ. ನಲ್ಲಿ ಬೆಳಗ್ಗೆ ಒಂದಿಷ್ಟು ಹೊತ್ತು ಮಾತ್ರ, ಹಾಗಾಗಿ ಹಂಡೆ ತುಂಬಿಸಿ ಇಡಬೇಕು. ತುಂಬಿಸುವ ಮೊದಲು ತೊಳೆಯುವ ಕೆಲಸ ನನ್ನದು. "ತೊಳೆದೆಯಾ?" ಅಂತ ಅಜ್ಜಿ ಕೇಳುವುದು, "ತೊಳೆದೆ" ಅಂತ ನಾನು. ಆಗ ಅವರು ಹಂಡೆಯ ಒಳಗೋಡೆಗೆ ಬೆರಳು ಒತ್ತಿ ಎಳೆಯುತ್ತಿದ್ದರು. ಬೆರಳು ಕಿರ್ ಅಂದರೆ ನಾನು ಜಾಣೆ. ಜಾರಿತೋ, "ನೀನು ತೊಳೆದದ್ದು ನೀರನ್ನು ಮಗಾ, ಹಂಡೆಯನ್ನು ಇನ್ನು ತೊಳಿ" ಅನ್ನುತ್ತಿದ್ದರು. ಆ ಜಾರುವ ಲೋಳೆಗೆ ಬಯೋಫಿಲ್ಮ್ ಅನ್ನುವ ಹೆಸರು ಉಂಟು ಅಂತ ಅಜ್ಜಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಿವಿ ಹಿಂಡುವುದನ್ನು ಬಿಡುತ್ತಿರಲಿಲ್ಲ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಕೇಳ್ಕರ್ ಮೇಡಂ. ಪುಣೆಯವರು. ಮರಾಠಿಯಲ್ಲಿ ಬೈದರೂ ಪೂಜೆಗೆ ಕೂತವರು ಮಂತ್ರ ಹೇಳಿದ ಹಾಗೆ ಕೇಳುತ್ತಿತ್ತು. ಒಂದು ಮಳೆಗಾಲದಲ್ಲಿ ನಮಗೆ ವಿಚಿತ್ರ ಕಾಟ ಶುರುವಾಯಿತು. ಯಾವ ರೋಗಿಯ ಸ್ಯಾಂಪಲ್ ಬೆಳೆಸಿದರೂ ಒಂದೇ ಬ್ಯಾಕ್ಟೀರಿಯಾ, ಸೂಡೋಮೊನಾಸ್. ತಟ್ಟೆ ತುಂಬ ಹಸಿರು ಬಣ್ಣ, ಹಳಸಿದ ದ್ರಾಕ್ಷಿಯ ವಾಸನೆ. ಮಗುವಿನ ಕಿವಿಯಲ್ಲಿ ಅದೇ, ವಾಚ್‌ಮನ್ನನ ಕಾಲಿನ ಗಾಯದಲ್ಲಿ ಅದೇ, ಹೌಸಿಂಗ್ ಸೊಸೈಟಿಯ ಚೇರ್ಮನ್ನರ ಮೂತ್ರದಲ್ಲೂ ಅದೇ.

"ಲಲಿತಾ, ಮಲಾಡಿಗೆ ಮಲಾಡೇ ಹೋಯ್ತು!" ಅಂದರು ಮೇಡಂ. ದನಿಯಲ್ಲಿ ಗಾಬರಿ ಅರ್ಧ, ಸಂಭ್ರಮ ಅರ್ಧ. ಇಷ್ಟು ದೊಡ್ಡ ಪಿಡುಗನ್ನು ಮೊದಲು ಕಂಡವರು ತಾವೇ ಅಂತ ಕಾನ್ಫರೆನ್ಸಿನಲ್ಲಿ ಓದಲು ಪ್ರಬಂಧದ ತಲೆಬರಹವನ್ನೂ ಯೋಚಿಸಿಟ್ಟಿದ್ದರು.

ಅಷ್ಟರಲ್ಲಿ, ಯಾವ ರೋಗಿಯ ಏನನ್ನೂ ಹಾಕದೆ ಬರೀ ಹೋಲಿಕೆಗೆಂದು ಇಟ್ಟ ತಟ್ಟೆಯೂ ಹಸಿರಾಯಿತು. ರೋಗಿಯೇ ಇಲ್ಲದ ತಟ್ಟೆಗೆ ಎಲ್ಲಿಯ ರೋಗ? ನಮ್ಮ ಶುದ್ಧ ನೀರಿನ ಟ್ಯಾಂಕಿನ ನಲ್ಲಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿತ್ತು. ಬಿಚ್ಚಿ ಒಳಗೆ ಬೆರಳು ಹಾಕಿದೆ. ಜಾರಿತು. ಕತ್ತರಿಸಿ ನೋಡಿದರೆ ಒಳಗೋಡೆಯಲ್ಲೆಲ್ಲ ನೆನೆಸಿದ ಸಬ್ಬಕ್ಕಿಯಂಥ ಲೋಳೆ. ನಾವು ಬಳಸುವ ಪ್ರತಿ ಹನಿಯೂ ಆ ಮನೆ ಹೊಕ್ಕು ಬರುತ್ತಿತ್ತು.

"ಈ ಪೈಪ್ ಹಾಕಿದ ಬುದ್ಧಿವಂತ ಯಾರು?" ಅಂತ ಮೇಡಂ ಗುಡುಗಿದರು.

ಲ್ಯಾಬಿನಲ್ಲಿದ್ದವರೆಲ್ಲ ಫ್ಯಾನ್ ನೋಡಿದೆವು. ನೀರು ಸೀರೆಗೆ ಸಿಡಿಯುತ್ತದೆಂದು ಪೈಪ್ ತರಿಸಿ ತಮ್ಮ ಕೈಯಾರೆ ಸಿಕ್ಕಿಸಿದವರು ಅವರೇ.

"ಸ್ಟೋರಿನವರಿರಬೇಕು ಮೇಡಂ" ಅಂದೆ.

"ಹಾಂ. ಸ್ಟೋರಿನವರಿಗೆ ಅಕ್ಕಲ್ ಎಂಬುದೇ ಇಲ್ಲ" ಅಂದರು. ಪ್ರಬಂಧದ ಸುದ್ದಿ ಮತ್ತೆ ಎತ್ತಲಿಲ್ಲ.

ಹೊಸಬರಿಗೆ ಈ ಲೋಳೆಯ ಸಂಸಾರವನ್ನು ನಾನು ಲೋಕಲ್ ಟ್ರೇನಿನ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದೆ. ವಿರಾರ್ ಫಾಸ್ಟ್ ಹೊರಟಿದೆ, ಜೋರು ಮಳೆ. ನೆನೆಯುವವರು ಯಾರು? ಬಾಗಿಲಲ್ಲಿ ನೇತಾಡುವವರು. ಒಳಗೆ ನಡು ಸೀಟಿನಲ್ಲಿ ತೂಕಡಿಸುವವನಿಗೆ ಮಳೆ ಬಂದದ್ದೇ ಗೊತ್ತಿಲ್ಲ. ಮದ್ದು ಎಂದರೆ ಆ ಮಳೆ. ಲೋಳೆಯ ಹೊರಪದರದವು ಸಾಯುತ್ತವೆ. ಒಳಗಿನವು ಉಣ್ಣದೆ, ಬೆಳೆಯದೆ ತೂಕಡಿಸುತ್ತ ಕೂತಿರುತ್ತವೆ. ಮಳೆ ನಿಂತ ಮೇಲೆ ಎದ್ದು ಮೈ ಮುರಿಯುತ್ತವೆ. ನಾವು ಲ್ಯಾಬಿನವರು ಮಾಡುತ್ತಿದ್ದುದು ಎಂತ? ಒಬ್ಬ ಪ್ರಯಾಣಿಕನನ್ನು ಪ್ಲಾಟ್‌ಫಾರ್ಮಿಗೆ ಎಳೆದು, ತಲೆ ಮೇಲೆ ಕೊಡ ನೀರು ಸುರಿದು, "ಒದ್ದೆಯಾದ, ಮದ್ದು ತಾಗುತ್ತದೆ" ಅಂತ ಬರೆದು ಕೊಡುವುದು. ಬರೆದದ್ದು ಸುಳ್ಳಲ್ಲ. ಟ್ರೇನಿನ ಒಳಗಿನ ಕಥೆ ಮಾತ್ರ ಬೇರೆ. ಈಗ ನಿಮಗೆ ಕಾಫಿ ಕುಡಿದು ಬರುವಷ್ಟರಲ್ಲಿ ಹೆಸರು ಹೇಳುವ ಯಂತ್ರ ಬಂದಿದೆ. ಒಳ್ಳೆಯದೇ. ಆದರೆ ಅದೂ ಹೇಳುವುದು ಪ್ರಯಾಣಿಕನ ಹೆಸರನ್ನೇ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಸುಬ್ರಾಯ ಭಟ್ಟರ ಬಾಯಿಯಿಂದ.

ಭಟ್ಟರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರು. ನಮ್ಮ ಚಾಳಿನ ಕೆಳಗೇ ಆ ಹೋಟೆಲು, ನಾನು ಹುಡುಗಿಯಾಗಿದ್ದಾಗಿನಿಂದ ಅವರ ಕೈಯ ಸಾಂಬಾರು ಉಂಡವಳು. ಅಲ್ಲಿನ ಕೆಲಸದವರೆಲ್ಲ ಮಲಗುವುದು ಹೋಟೆಲಿನ ಅಟ್ಟದಲ್ಲಿ, ಚಾಪೆಗೆ ಚಾಪೆ ತಾಗಿಸಿ. ಅವರಿಗೆಲ್ಲ ಭಟ್ಟರು ಹೇಳುತ್ತಿದ್ದುದು ಒಂದೇ ಪುರಾಣ, ತಮ್ಮ ಹಲ್ಲಿನದು. "ಪೇಸ್ಟು ಗೀಸ್ಟು ಹಾಕ್ಬೇಡಿ. ಇದ್ದಿಲು, ಉಪ್ಪು. ನನ್ನ ಪ್ರಾಯಕ್ಕೆ ಯಾರಿಗುಂಟು ಇಂಥ ಹಲ್ಲು, ಹೇಳಿ?" ಅಂತ ನಗುತ್ತಿದ್ದರು. ಬಿಳಿ ಜೋಳದ ತೆನೆಯ ಹಾಗೆ ಸಾಲಾಗಿ ಹೊಳೆಯುತ್ತಿತ್ತು.

ನಾನು ನಿವೃತ್ತಿಯಾಗುವ ಮೊದಲು ಒಂದು ದಿನ ಅವರು ಗ್ರಾಂಟ್ ರೋಡಿನಿಂದ ಮಲಾಡಿನ ತನಕ ನನ್ನನ್ನೇ ಹುಡುಕಿಕೊಂಡು ಬಂದರು. ಕೈಯಲ್ಲಿ ನನಗೆಂದು ತಂದ ಗೋಳಿಬಜೆ. ಮುಖ ಬಾಡಿತ್ತು.

"ಬಾಯಿ ಉರಿ ಲಲಿತಾ. ಡಾಕ್ಟ್ರು ಫಂಗಸ್ಸು ಅಂತ ಮದ್ದು ಕೊಟ್ರು. ಬಾಯಿಗೆ ಬಿಡುವ ಹನಿ, ಮತ್ತೆ ಮಾತ್ರೆ. ಕಮ್ಮಿಯಾಗ್ತದೆ, ಮದ್ದು ಮುಗೀತಂದ್ರೆ ಮತ್ತೆ ಶುರು. ಒಂದು ಸಲ ಅಲ್ಲ, ಮೂರು ಸಲ ಆಯ್ತು ಮಾರಾಯ್ತಿ."

"ಅಡುಗೆ ಹೇಗೆ ಮಾಡ್ತೀರಿ ಭಟ್ರೇ?"

"ಅದೇ ಹೇಳ್ಲಿಕ್ಕೆ ಬಂದದ್ದು. ನನ್ನ ಕೆಲಸ ಹೋಗ್ತದೆ."

ಹೋಟೆಲಿನ ಯಜಮಾನರು ಶೀನಣ್ಣ, ಎಲ್ಲರ ಬಾಯಲ್ಲಿ ಧಣಿ. ಬೆಳಗಿನ ಸಾಂಬಾರು ಗಿರಾಕಿಗೆ ಹೋಗುವ ಮೊದಲು ಒಂದು ಲೋಟ ಧಣಿಯ ಗಲ್ಲಾಪೆಟ್ಟಿಗೆಗೆ ಹೋಗಬೇಕು, ಅವರು ಕುಡಿದು ಹೂಂ ಅನ್ನಬೇಕು. ಅದು ಅಲ್ಲಿನ ಪದ್ಧತಿ. ಕೆಲವು ಸಮಯದಿಂದ ಧಣಿ ಹೂಂ ಅನ್ನದೆ "ಖಾರ!" ಅನ್ನುತ್ತಿದ್ದರು. ಭಟ್ಟರು ತಾವೂ ರುಚಿ ನೋಡಿದರು. ಅವರಿಗೂ ಉರಿಯಿತು. ಸರಿ, ಖಾರವೇ ಇರಬೇಕು ಅಂತ ಮೆಣಸು ಕಡಿಮೆ ಮಾಡಿದರು. ಮರುದಿನ ಮತ್ತೆ "ಖಾರ!" ಮತ್ತೂ ಕಡಿಮೆ. ಕೊನೆಗೆ ಗಿರಾಕಿಗಳು ಬಟ್ಟಲು ಎತ್ತಿ ಹಿಡಿದು, "ಏ ಅಣ್ಣಾ, ಇದು ಸಾಂಬಾರಾ, ಕೈ ತೊಳೆಯುವ ನೀರಾ?" ಅಂತ ಕೇಳುವ ಹಾಗಾಯಿತು. ಧಣಿ ಊರ ಕಡೆಯಿಂದ ರಾಘು ಅನ್ನುವ ಹೊಸ ಅಡುಗೆಯವನನ್ನು ಕರೆಸಿಯೇ ಬಿಟ್ಟರು. ಈಗ ಒಂದು ದಿನ ಇವರ ಸಾಂಬಾರು, ಒಂದು ದಿನ ಅವನದು. ದಸರೆಯ ಹೊತ್ತಿಗೆ ಯಾರು ಉಳಿಯಬೇಕು ಅಂತ ತೀರ್ಮಾನ.

"ನಾಲಿಗೆ ಹೋದ ಭಟ್ಟ ಯಾರಿಗೆ ಬೇಕು ಹೇಳು" ಅಂದರು. ಗೋಳಿಬಜೆಯ ಪೊಟ್ಟಣವನ್ನು ಸುಮ್ಮನೆ ತಿರುಗಿಸುತ್ತಿದ್ದರು. ಅದರ ಬಿಸಿ ಆಗಲೇ ಆರಿತ್ತು.

ಡಾಕ್ಟರ ಚೀಟಿ ಇತ್ತು, ಸ್ಯಾಂಪಲ್ ತೆಗೆಯಲು ಕೂರಿಸಿದೆ. ಹಿಂದಿನ ಸಲವೆಲ್ಲ ನಾಲಿಗೆಯಿಂದ ತೆಗೆದಿದ್ದರು. ಕ್ಯಾಂಡಿಡಾ ಎಂಬ ಫಂಗಸ್ ಬೆಳೆದಿತ್ತು, ಮದ್ದು ತಾಗುತ್ತದೆ ಅಂತಲೇ ರಿಪೋರ್ಟು ಹೋಗಿತ್ತು. ನಾನು ಈ ಸಲ ಅಂಗುಳಿನಿಂದ ತೆಗೆಯೋಣ ಅಂತ, "ದೊಡ್ಡದಾಗಿ ಆ ಅನ್ನಿ" ಅಂದೆ. ಹತ್ತಿ ಸುತ್ತಿದ ಕಡ್ಡಿ ಸ್ವಲ್ಪ ತಿರುಗಿ ಅದರ ಬುಡ ಮೇಲಕ್ಕೆ ತಾಗಿತು.

ಟಕ್.

ಮಕ್ಕಳೇ, ಮನುಷ್ಯನ ಅಂಗುಳು ಟಕ್ ಅನ್ನುವುದಿಲ್ಲ. ಇನ್ನೊಮ್ಮೆ ತಾಗಿಸಿದೆ. ಟಕ್ ಟಕ್. ಭಟ್ಟರು ಕಣ್ಣು ಮುಚ್ಚಿಕೊಂಡರು.

"ಬಾಗಿಲು ಹಾಕು ತಂಗೀ" ಅಂದರು.

ಮೇಲಿನ ಹಲ್ಲಿನ ಸಾಲು ಪೂರ್ತಿ ಕಟ್ಟಿಸಿದ್ದು, ಅಂಗುಳು ಮುಚ್ಚುವ ಪ್ಲಾಸ್ಟಿಕ್ ತಟ್ಟೆಯ ಸಮೇತ. ವರ್ಷಗಳ ಹಿಂದೆ ಊರಿಗೆ ಹೋದಾಗ ಮಾಡಿಸಿಕೊಂಡು ಬಂದದ್ದಂತೆ. ಹಲ್ಲಿನ ಪುರಾಣ ಹೇಳಿ ಹೇಳಿ ಕಟ್ಟಿದ ಹೆಸರು, ಈಗ ತೆಗೆಯುವುದು ಹೇಗೆ? ಅಟ್ಟದಲ್ಲಿ ಅಕ್ಕಪಕ್ಕ ಮಲಗುವವರ ಎದುರು ಹಲ್ಲಿನ ಸೆಟ್ಟು ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಚರ್ಚ್‌ಗೇಟಿನವರೆಗೆ ಸುದ್ದಿ. ಹಾಗಾಗಿ ಹಗಲೂ ರಾತ್ರಿಯೂ ಅದು ಬಾಯಲ್ಲೇ. ಸ್ನಾನದ ಮನೆಯಲ್ಲಿ ಬಾಯಿ ಮುಕ್ಕಳಿಸುವಾಗ ಒಂದು ಸಲ ನೀರಿಗೆ ಹಿಡಿದು ಸಿಕ್ಕಿಸಿಕೊಂಡರೆ ಮುಗಿಯಿತು. ಡಾಕ್ಟರಿಗೂ ಹೇಳಿರಲಿಲ್ಲ. "ಅವ್ರು ಬಾಯಿ ಉರಿ ಕೇಳಿದ್ರು, ಹಲ್ಲು ಕೇಳ್ಲಿಲ್ಲ" ಅಂದರು.

ಸೆಟ್ಟು ತೆಗೆಸಿದೆ. ಅದು ಕೂರುತ್ತಿದ್ದ ಜಾಗದಲ್ಲಿ ಅಂಗುಳು ಕೆಂಪು ಮಣ್ಣಿನ ಗದ್ದೆಯ ಹಾಗೆ, ಸೆಟ್ಟಿನ ಅಚ್ಚು ಒತ್ತಿದಷ್ಟೇ ಅಗಲಕ್ಕೆ. ಗ್ಲೌಸ್ ಹಾಕಿದ ಬೆರಳನ್ನು ಸೆಟ್ಟಿನ ಒಳಮೈಗೆ ಒತ್ತಿ ಎಳೆದೆ. ಜಾರಿತು. ಅಜ್ಜಿ ಹಿಂದೆಯೇ ನಿಂತಿದ್ದಾರೇನೋ ಅಂತ ತಿರುಗಿ ನೋಡುವ ಹಾಗಾಯಿತು.

ಅದರಿಂದ ಕೆರೆದು ತೆಗೆದದ್ದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಭಟ್ಟರನ್ನೇ ಕರೆದೆ. ಕಟ್ಟಡ ಕಟ್ಟುವಾಗ ಬಿದಿರು ನಿಲ್ಲಿಸುವುದಿಲ್ಲವೇ, ಹಾಗೆ ಕ್ಯಾಂಡಿಡಾದ ಉದ್ದುದ್ದ ನೂಲುಗಳು. ಬಿದಿರಿಗೆ ಜೋತುಬಿದ್ದ ಕೂಲಿಗಳ ಹಾಗೆ ನೂಲಿನ ಮೇಲೆಲ್ಲ ಬ್ಯಾಕ್ಟೀರಿಯಾಗಳ ಗೊಂಚಲು. ನಡುವೆ ಗಾರೆಯ ಹಾಗೆ ಲೋಳೆ.

ಭಟ್ಟರು ನೋಡಿದರು. ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಬಗ್ಗಿದರು.

"ಇದು ನನ್ನ ಬಾಯಾ, ದಾದರ್ ಸ್ಟೇಷನ್ನಾ?"

ಹಲ್ಲಿಲ್ಲದ್ದರಿಂದ ದಾದರ್ ಎಂಬುದು ಸರಿಯಾಗಿ ಹೊರಡಲಿಲ್ಲ, ಮುಂದಿನ ಮಾತನ್ನೂ ನಾನು ಊಹಿಸಿಕೊಂಡೇ ಕೇಳಿದ್ದು. ನಾನು ನಗು ತಡೆದುಕೊಳ್ಳಲು ಸ್ಲೈಡ್ ಒರೆಸುತ್ತ ನಿಂತೆ.

"ಹಾಗಾದ್ರೆ ನನ್ನ ಮೈಯಲ್ಲಿ ಶಕ್ತಿ ಇಲ್ವಾ? ರಕ್ತದಲ್ಲಿ ಅದೆಂತದೋ ಬಿಳಿ ಕಣ ಉಂಟಂತಲ್ಲ, ಅವು ಎಂತ ಮಾಡ್ತವೆ? ನಿದ್ದೆಯಾ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ನೀವೂ ಕೇಳಿಕೊಳ್ಳಬೇಕಾದದ್ದು. "ನಿದ್ದೆ ಅಲ್ಲ ಭಟ್ರೇ. ನಿಮ್ಮ ರಸ್ತೆಗೆ ಮುನ್ಸಿಪಾಲಿಟಿ ತಂಡ ಬಂದದ್ದು ನೆನಪುಂಟಾ?" ಅಂದೆ. ಅನಧಿಕೃತ ಕಟ್ಟಡ ಒಡೆಯಲೆಂದು ಬಂದಿದ್ದರು. ಒಳಗಿನವರು ಕಬ್ಬಿಣದ ಬಾಗಿಲು ಹಾಕಿ ಕೂತರು. ತಂಡದವರು ಬಡಿದರು, ಕೂಗಿದರು, ಒಳಗೆ ಹೋಗಲಾಗಲಿಲ್ಲ. ಬಂದವರು ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಹೊರಗಿದ್ದ ಪಾನ್ ಅಂಗಡಿ, ತರಕಾರಿ ಗಾಡಿ, ನಮ್ಮ ಹೋಟೆಲಿನ ಬೋರ್ಡು ಎಲ್ಲವನ್ನೂ ಪುಡಿ ಮಾಡಿ ಹೋದರು.

"ಬಾಯಿಯಲ್ಲೂ ಅದೇ. ಫಂಗಸ್ಸಿನ ನೂಲು ಅಂಗುಳಿನ ಜೀವಕೋಶಕ್ಕೆ ಚುಚ್ಚಿ ವಿಷ ಬಿಡ್ತದೆ. ಕೋಶ ಬೊಬ್ಬೆ ಹೊಡೀತದೆ. ಬಿಳಿ ರಕ್ತಕಣ ಓಡಿ ಬರ್ತವೆ. ಒಂಟಿ ಸಿಕ್ಕಿದ್ರೆ ಗುಳುಂ ಮಾಡ್ತವೆ. ಆದ್ರೆ ಲೋಳೆಯ ಒಳಗೆ ಕೂತದ್ದರ ಗುರುತೂ ಸರಿಯಾಗಿ ಸಿಗುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ. ಆಗ ತಂದ ಆಯುಧವನ್ನೆಲ್ಲ ಹೊರಗೇ ಚೆಲ್ತವೆ. ಹಾಳಾಗುವುದು ನಿಮ್ಮದೇ ಪಾನ್ ಅಂಗಡಿ. ನಿಮ್ಮ ಬಾಯಿ ಕೆಂಪಾಗಿ ಉರಿಯುವುದರಲ್ಲಿ ಅರ್ಧ ಫಂಗಸ್ಸಿನದ್ದು, ಅರ್ಧ ನಿಮ್ಮವರದ್ದೇ."

ಭಟ್ಟರು ಬೋರ್ಡಿನ ನೆನಪಿಗೆ ನಿಟ್ಟುಸಿರಿಟ್ಟರು. "ಅದು ಸರಿ, ಮದ್ದಿನಲ್ಲಿ ಗುಣ ಆದದ್ದು ಮತ್ತೆ ಯಾಕೆ ಬರ್ತದೆ?"

"ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬಾರದಿದ್ರೆ ಎಂತ ಮಾಡ್ತೀರಿ?"

"ಹಳೇ ಹಿಟ್ಟಿನ ಪಾತ್ರೆ ತೊಳೆಯದೆ ಅದರಲ್ಲೇ ಹೊಸ ಹಿಟ್ಟು ಸುರೀತೇನೆ. ಅಂಟಿದ್ದು ಸಾಕು, ಬೆಳಿಗ್ಗೆಗೆ ಉಕ್ಕಿ ಬರ್ತದೆ." ಹೇಳುತ್ತ ಹೇಳುತ್ತ ಅವರ ಕಣ್ಣು ಮೇಜಿನ ಮೇಲಿದ್ದ ಹಲ್ಲಿನ ಸೆಟ್ಟಿನ ಮೇಲೆ ನಿಂತಿತು. ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. "ಅಯ್ಯಯ್ಯೋ" ಅಂದರು.

ಕೇಳ್ಕರ್ ಮೇಡಂ ರಿಪೋರ್ಟಿಗೆ ಸಹಿ ಹಾಕುತ್ತ, "ಮತ್ತೆ ಪೈಪಿನ ಕಥೆಯೇ?" ಅಂದರು. ಅಷ್ಟು ವರ್ಷದ ಮೇಲೂ ಸ್ಟೋರಿನವರ ಮೇಲೆ ಕೋಪ ಇಳಿದಿರಲಿಲ್ಲ. ದಂತವೈದ್ಯರಿಗೆ ತಾವೇ ಫೋನ್ ಮಾಡಿದರು. ಹೊಸ ಮದ್ದೇನೂ ಬೇಕಾಗಿರಲಿಲ್ಲ. ಅದೇ ಹಳೆಯ ಮದ್ದು, ಜೊತೆಗೆ ದಿನಾ ಸೆಟ್ಟನ್ನು ಬ್ರಶ್ಶಿನಲ್ಲಿ ಉಜ್ಜಬೇಕು, ರಾತ್ರಿ ತೆಗೆದು ದಂತವೈದ್ಯರು ಕೊಟ್ಟ ಪುಡಿ ಹಾಕಿದ ನೀರಿನಲ್ಲಿ ಮುಳುಗಿಸಿಡಬೇಕು, ಬಾಯಿಗೆ ಗಾಳಿಯಾಡಬೇಕು. ಅಷ್ಟೇ. ಆದರೆ ಆ ಅಟ್ಟದಲ್ಲಿ ಅದು "ಅಷ್ಟೇ" ಆಗುತ್ತದೆಯೇ?

ಭಟ್ಟರು ಮೊದಲು ಮುಖಕ್ಕೆ ಮಫ್ಲರ್ ಸುತ್ತಿ ಮಲಗಿ ನೋಡಿದರು. ಮುಂಬಯಿಯ ಸೆಕೆಯಲ್ಲಿ ಮಫ್ಲರ್ ಸುತ್ತಿದವನನ್ನು ಕಂಡು ಪಕ್ಕದವರು ಜ್ವರವೆಂದು ಕಷಾಯ ಕಾಯಿಸಿ ತಂದರು. ಆಮೇಲೆ ಹೊಸ ಉಪಾಯ ಹೊಳೆಯಿತು. ರಾತ್ರಿ ಊಟದ ಮೇಲಿಂದ ಬೆಳಗಿನ ಸ್ನಾನದವರೆಗೆ ಮೌನವ್ರತ. ಬಾಯಿ ತೆರೆಯುವ ಪ್ರಶ್ನೆಯೇ ಇಲ್ಲ. ಇದರ ಪರಿಣಾಮ ಅವರೂ ಎಣಿಸಿರಲಿಲ್ಲ. ಇಷ್ಟು ಮಾತಾಡುತ್ತಿದ್ದ ಮನುಷ್ಯ ಒಮ್ಮೆಲೇ ಮೌನಿಯಾದದ್ದು ಕಂಡು ಹೋಟೆಲಿನವರಿಗೆ ಭಕ್ತಿ ಬಂತು. ಸಪ್ಲೈಯರುಗಳು ಬೆಳಗ್ಗೆ ಕಾಲು ಮುಟ್ಟಿ ಕೆಲಸ ಶುರು ಮಾಡತೊಡಗಿದರು. ಒಬ್ಬನಂತೂ ಮಗಳ ಮದುವೆ ಯಾವಾಗ ಆಗುತ್ತದೆಂದು ಇವರ ಕೈಸನ್ನೆಯಲ್ಲಿ ಉತ್ತರ ಕೇಳಿಕೊಂಡು ಹೋದನಂತೆ.

"ಬಾಯಿ ಹೇಗುಂಟು?" ಅಂತ ನಾನು ಫೋನಿನಲ್ಲಿ ಕೇಳಿದರೆ, "ಬಾಯಿ ಗುಣ ಆಯ್ತು ತಂಗೀ. ಈಗ ಪುಣ್ಯಪುರುಷನಾದದ್ದೇ ಕಷ್ಟ" ಅಂದರು. ರುಚಿ ಮರಳಿತ್ತು. ಮೆಣಸು ಹಳೆಯ ಅಳತೆಗೆ ಬಂದಿತ್ತು, ಗಿರಾಕಿಗಳು ಬಟ್ಟಲು ನೆಕ್ಕತೊಡಗಿದ್ದರು. "ಆದ್ರೂ ಧಣಿ ಖಾರ ಅಂತಾರೆ. ಆ ರಾಘುವನ್ನೇ ಇಟ್ಕೊಳ್ಳುವ ಮನಸ್ಸುಂಟು ಅಂತ ಕಾಣ್ತದೆ."

ದಸರೆಗೆ ಸ್ವಲ್ಪ ಮೊದಲು ನನ್ನ ರಜೆಯ ದಿನ, ಅವರ ಅಂಗುಳು ನೋಡಿ ಬರೋಣವೆಂದು ಬೆಳಗ್ಗೆಯೇ ಲೋಕಲ್ ಹಿಡಿದು ಹೋದೆ. ಹೋಟೆಲಿನ ಶಟರ್ ಅರ್ಧ ಎತ್ತಿತ್ತು. ಒಳಗೆ ಗಲಾಟೆ. ಗಲ್ಲಾಪೆಟ್ಟಿಗೆಯ ಮೇಲೆ ಒಂದು ಸ್ಟೀಲ್ ಡಬ್ಬ, ಮುಚ್ಚಳ ತೆರೆದದ್ದು. ಒಳಗೆ ನೀರು. ನೀರಿನಲ್ಲಿ ಭಟ್ಟರ ಮೇಲಿನ ಸಾಲು ಎಲ್ಲರನ್ನೂ ನೋಡಿ ನಗುತ್ತಿತ್ತು.

ನಡೆದದ್ದು ಇಷ್ಟು. ಭಟ್ಟರು ಡಬ್ಬವನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಂಗಿನ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದರು. ಅಂದು ಸಾಂಬಾರಿನ ಸರದಿ ರಾಘುವಿನದು. ಇಂಗು ಹುಡುಕುತ್ತ ಇದನ್ನು ಇಳಿಸಿ ತೆರೆದವನು ಕಿರುಚಿ ಹೊರಗೆ ಓಡಿ ಬಂದಿದ್ದ.

"ನನ್ನ ಅಡುಗೆಮನೆಯಲ್ಲಿ ಹೆಣದ ಹಲ್ಲಾ!" ಅಂತ ಧಣಿ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. "ನಿನ್ನ ಕೈಯಲ್ಲೇ ಇತ್ತು. ನೀನು ಬರುವ ಮೊದಲು ಇಂಥದ್ದು ಕಂಡವರುಂಟಾ? ಮಾಟ ಮಾಡ್ಲಿಕ್ಕೆ ತಂದದ್ದಾ?"

"ದೇವರಾಣೆ ಧಣಿ, ನಾನು ಇಂಗು ಹುಡುಕಿದ್ದು ಅಷ್ಟೇ" ಅಂತ ರಾಘು ಅಳುವುದೊಂದು ಬಾಕಿ.

"ಗಂಟು ಕಟ್ಟು. ಇವತ್ತಿನ ಗಾಡಿಗೇ ಊರಿಗೆ ಹೋಗು."

ಭಟ್ಟರು ಕಂಬದ ಪಕ್ಕ ನಿಂತಿದ್ದರು. ಸ್ನಾನ ಆಗಿರಲಿಲ್ಲ, ವ್ರತ ಮುಗಿದಿರಲಿಲ್ಲ. "ಭಟ್ರನ್ನ ಕೇಳ್ಬೇಡಿ, ಅವರದ್ದು ಮೌನ" ಅಂತ ಸಪ್ಲೈಯರ್ ಒಬ್ಬ ಭಕ್ತಿಯಿಂದ ಹೇಳಿದ. ನಾನು ಭಟ್ಟರನ್ನೇ ನೋಡಿದೆ. ಸುಮ್ಮನಿದ್ದರೆ ಸಾಕಿತ್ತು. ಎದುರಾಳಿ ಹೋಗುತ್ತಿದ್ದ, ಕೆಲಸ ಉಳಿಯುತ್ತಿತ್ತು, ಹಲ್ಲಿನ ಪುರಾಣವೂ ಉಳಿಯುತ್ತಿತ್ತು. ರಾಘು ಕಣ್ಣೊರೆಸಿಕೊಂಡು ಅಟ್ಟದ ಏಣಿಯತ್ತ ಹೊರಟ.

"ಅಫು ನನ್ನಫು ಫಣಿ" ಅಂದರು ಭಟ್ಟರು.

ಯಾರಿಗೂ ಅರ್ಥವಾಗಲಿಲ್ಲ. ಅವರು ಮುಂದೆ ಬಂದು, ಡಬ್ಬಕ್ಕೆ ಕೈ ಹಾಕಿ, ಸೆಟ್ಟನ್ನು ಕೊಡವಿ, ಎಲ್ಲರ ಕಣ್ಣೆದುರು ಬಾಯಿಗೆ ಸಿಕ್ಕಿಸಿಕೊಂಡರು.

"ಅದು ನನ್ನದು ಧಣಿ" ಅಂದರು ಸ್ಪಷ್ಟವಾಗಿ. "ಅವನದ್ದೇನೂ ತಪ್ಪಿಲ್ಲ. ಮೌನವೂ ಇದಕ್ಕಾಗಿಯೇ."

ಆಮೇಲೆ ಎದ್ದ ನಗು ಬೀದಿಯ ಟ್ಯಾಕ್ಸಿಯವರಿಗೂ ಕೇಳಿರಬೇಕು. ಕಾಲು ಮುಟ್ಟಿದವರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು. ಮಗಳ ಮದುವೆಯ ದಿನ ಕೇಳಿಕೊಂಡವನು, "ಹಾಗಾದ್ರೆ ಮಾರ್ಗಶಿರದಲ್ಲಿ ಆಗುವುದಿಲ್ವಾ?" ಅಂದ.

ಧಣಿ ನಗಲಿಲ್ಲ. "ಹಲ್ಲೇ ಸುಳ್ಳಾದ ಮೇಲೆ ನಾಲಿಗೆಯನ್ನು ನಂಬುವುದು ಹೇಗೆ ಭಟ್ರೇ? ಅದಕ್ಕೇ ನೋಡಿ ದಿನಾ ಖಾರ. ನನ್ನ ಬಾಯಿಯೆಲ್ಲ ಸುಟ್ಟು ಹೋಗಿದೆ."

ಏಣಿಯ ಬಳಿ ನಿಂತಿದ್ದ ರಾಘು ಮೆಲ್ಲಗೆ, "ನನ್ನದಕ್ಕೂ ಅದನ್ನೇ ಹೇಳಿದ್ರು" ಅಂದ.

"ನಿನ್ನೆ ಮೊಸರನ್ನಕ್ಕೂ ಖಾರ ಅಂದ್ರು" ಅಂತ ಹಿಂದಿನಿಂದ ಯಾರೋ ಸೇರಿಸಿದರು.

ಮೊಸರನ್ನಕ್ಕೆ ಖಾರ! ನಾನು ಧಣಿಯ ಮುಖ ನೋಡಿದೆ. ಅವರದೂ ಸಾಲಾಗಿ ಹೊಳೆಯುವ ಹಲ್ಲು. ಅಭ್ಯಾಸಬಲ, ಚೀಲದಲ್ಲಿ ಸ್ಯಾಂಪಲ್ ಕಡ್ಡಿಯ ಪ್ಯಾಕೆಟ್ ಇದ್ದೇ ಇತ್ತು. ಒಡೆದೆ.

"ಧಣಿ, ಬೇಜಾರಿಲ್ಲದಿದ್ರೆ ಒಂದು ಸಲ ಆ ಅನ್ನಿ."

"ನನಗ್ಯಾಕೆ? ನನಗೆ ಎಂತದೂ ಇಲ್ಲ" ಅನ್ನಲು ಅವರು ಬಾಯಿ ತೆರೆದರು. ಅಷ್ಟು ಸಾಕಿತ್ತು.

ಟಕ್.

ಸಪ್ಲೈಯರುಗಳು ಬಾಯಿಗೆ ಟವೆಲು ಒತ್ತಿ ಹಿಡಿದು ನಕ್ಕರು. ಧಣಿ ಕುರ್ಚಿಯಲ್ಲಿ ಕುಸಿದು, ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿಯ ಫೋಟೋವನ್ನೇ ನೋಡುತ್ತ ಕೂತರು. ಭಟ್ಟರು ಮಾತ್ರ ನಗಲಿಲ್ಲ. ತಮ್ಮ ಡಬ್ಬದ ಮುಚ್ಚಳ ಹಾಕಿ, ಬಟ್ಟೆಯಲ್ಲಿ ಒರೆಸಿ, ಏಣಿಯತ್ತ ತಿರುಗಿದರು.

"ರಾಘೂ, ಇಂಗು ಆಮೇಲೆ ಹುಡುಕಿದ್ರಾಯ್ತು. ಇದೇ ಅಳತೆಯ ಇನ್ನೊಂದು ಡಬ್ಬ ಉಂಟಾ ನೋಡು. ಮುಚ್ಚಳ ಬಿಗಿ ಇರ್ಲಿ."